ದಡದ ಪಾಲು

ನಾನು ಗಾಳ ಮುಟ್ಟಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೆಳಗೋಡಿನ ಅರ್ಧ ಜನ ನನ್ನನ್ನು ಗುರುತಿಸುವುದೇ "ಮೀನಿಗೆ ವಿಮಾನದಾಗೆ ಹೋಗೋ ಇಂದ್ರಮ್ಮ" ಅಂತ. ವಿಮಾನ ಹತ್ತಿದ್ದು ನಿಜ. ಎಂಟು ವರ್ಷದಲ್ಲಿ ಆರು ಸಲ ಹತ್ತಿದ್ದೇನೆ. ಅಂಡಮಾನ್, ಲಕ್ಷದ್ವೀಪ, ಹಿಮಾಚಲದ ಆ ಹಲ್ಲು ಕಟಕಟಿಸುವ ಹೊಳೆ, ಕೊನೆಗೆ ಅರುಣಾಚಲ. ಎಲ್ಲೂ ಒಂದು ಮೀನು ಹಿಡಿದಿಲ್ಲ. ದಡದಲ್ಲಿ ಕೂತು ಕ್ರೋಶಾ ಹಾಕಿದ್ದೇನೆ, ಅಷ್ಟೇ. ನಮ್ಮ ಮನೆಯ ಟಿವಿ ಮೇಲೆ ಹೊದಿಸಿರುವುದು ಅಂಡಮಾನ್, ಫ್ರಿಜ್ ಮೇಲಿನದು ಹಿಮಾಚಲ. ಬಾಗಿಲ ತೋರಣ ಅರ್ಧಕ್ಕೇ ನಿಂತಿದೆಯಲ್ಲ, ಅದು ಅರುಣಾಚಲ. ನಾನು ಈಗ ಹೇಳಬೇಕಾಗಿರುವುದು ಅದು ಯಾಕೆ ಅರ್ಧಕ್ಕೆ ನಿಂತಿತು ಅನ್ನುವುದನ್ನು.

ಹುಚ್ಚು ನಮ್ಮ ಮನೆಯವರದು. ಬೆಳಗೋಡು ಬಸ್‌ಸ್ಟ್ಯಾಂಡ್ ಹತ್ತಿರ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುಟ್ಟುಹೋದ ಪಂಪ್‌ಸೆಟ್ಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಮೋಟರು, ಇವಕ್ಕೆಲ್ಲ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವರ ಕೆಲಸ. ಅವರ ಹೆಸರು ಅಂಗಡಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದೆ, ಬೇಕಾದವರು ಓದಿಕೊಳ್ಳಬಹುದು. ನಾನು ಹೇಳುವುದಿಲ್ಲ. ಕುಂದೂರು ಕಡೆಯ ನಮ್ಮ ತವರಿನಲ್ಲಿ ಹೆಂಗಸರು ಗಂಡನ ಹೆಸರು ಹಿಡಿಯುವುದಿಲ್ಲ. ಮಗಳು ಶೃತಿ ಹಾಸನದಲ್ಲಿ ತನ್ನ ಗಂಡನನ್ನು ಹೆಸರಿಟ್ಟೇ ಕರೆಯುತ್ತಾಳೆ, ಅವಳ ಕಾಲ ಅದು. ನನ್ನನ್ನು ಬ್ಯಾಂಕಿನವರು ಕೇಳಿದರೆ ಇವತ್ತಿಗೂ ಆಧಾರ್ ಕಾರ್ಡು ಮುಂದಿಟ್ಟು ಸುಮ್ಮನಾಗುತ್ತೇನೆ.

ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ ಅನ್ನುತ್ತಾರೆ. ಇವರದು ಮದುವೆಯಾದ ಮೇಲೂ ಬಿಡಲಿಲ್ಲ. ಬಿಡುವುದು ಹೇಗೆ, ಹುಟ್ಟಿದ್ದೇ ಮಗ್ಗೆ ಹತ್ತಿರ, ಹೇಮಾವತಿ ಹಿನ್ನೀರಿನ ಅಂಚಿನಲ್ಲಿ. ನಮ್ಮ ಮಾವ ಕುಳ್ಳಯ್ಯ ಎಂಥಾ ಮೀನುಗಾರ ಎಂದರೆ, ಎರೆಹುಳ ಮೂಸಿ ಯಾವ ಗದ್ದೆಯದು ಅಂತ ಹೇಳುತ್ತಿದ್ದರಂತೆ. ಸುಳ್ಳಿರಬಹುದು, ಆದರೆ ಹೇಳುವವರು ಹಾಗೆ ಹೇಳುತ್ತಿದ್ದರು.

ಆ ಹಿನ್ನೀರಿನ ಕೆಳಗೆ ಮೊದಲಿದ್ದದ್ದು ಗದ್ದೆಗಳು. ಬದು, ಮರದ ಬೊಡ್ಡೆ, ಕಲ್ಲು ಕಟ್ಟಿದ ಬಾವಿ, ಎಲ್ಲ ಇದ್ದಲ್ಲೇ ಮುಳುಗಿವೆ. ಸೊಂಟದುದ್ದ ನೀರಿನಲ್ಲಿ ನಿಂತು ಗಾಳ ಹಾಕುವವನಿಗೆ ಕಣ್ಣೆಲ್ಲ ತೇಲುವ ಬೆಂಡಿನ ಮೇಲೆ, ಕಾಲ ಕೆಳಗೆ ಏನಿದೆ ಅನ್ನುವುದು ಕಾಣುವುದಿಲ್ಲ. ಮಾವನ ಅಣ್ಣ ಒಂದು ಹೆಜ್ಜೆ ಆ ಕಡೆ ಇಟ್ಟು ಹಳೇ ಕಲ್ಲುಬಾವಿಯ ಬಾಯಿಗೆ ಹೋದರು. ದಡದಲ್ಲಿ ಯಾರೂ ಇರಲಿಲ್ಲ. ಅವತ್ತಿನಿಂದ ಅವರ ಮನೆಯಲ್ಲಿ ಒಂದು ಕಟ್ಟಳೆ ಆಯಿತು. ದಡದಲ್ಲಿ ಒಬ್ಬರು ಕೂರಲೇಬೇಕು, ಅವರು ಗಾಳ ಮುಟ್ಟಬಾರದು, ನೀರಿನಲ್ಲಿರುವವರ ಮೇಲಿಂದ ಕಣ್ಣು ತೆಗೆಯಬಾರದು. ಸಿಕ್ಕ ಮೀನಿನಲ್ಲಿ ಅವರಿಗೆ ಸಮಪಾಲು. ಅದಕ್ಕೆ ದಡದ ಪಾಲು ಎಂದು ಹೆಸರು.

ಮದುವೆಯಾಗಿ ಹದಿನೈದು ದಿನಕ್ಕೆ ಮಾವ ನನ್ನನ್ನು ದಡಕ್ಕೆ ಕರೆದುಕೊಂಡು ಹೋಗಿ ಕೂರಿಸಿದರು. ನೀರಿನಿಂದ ಮೇಲೆ ಚಾಚಿಕೊಂಡಿದ್ದ ಒಂದು ಒಣಮರ ತೋರಿಸಿದರು.

"ಆ ಮರದ ಬಲಕ್ಕೇ ನಿಂತ್ಕಬೇಕು ಕಣವ್ವ. ಎಡಕ್ಕೆ ಕಲ್ಲುಬಾವಿ ಐತೆ. ಎಡಕ್ಕೆ ಹೋದ ಅಂದ್ರೆ ನೀನು ಹೆಸರು ಹಿಡ್ದು ಕೂಗ್ಬೇಕು."

"ಹೆಸರು ಹಿಡ್ದಾ?" ಅಂದೆ. ಮುಖ ಕೆಂಪಾಗಿತ್ತು.

"ದಡದಾಗೆ ಪಾಪ ಇಲ್ಲ. ರೀ ಅಂದ್ರೆ ಹತ್ತು ಜನ ತಿರುಗ್ತಾರೆ, ಮುಳುಗೋನು ಒಬ್ನೇ. ದಡ ಕೂಗ್ತು ಅಂದ್ರೆ ನೀರು ಬುಡ್ಬೇಕು. ಯಾಕೆ ಅಂತ ಕೇಳಂಗಿಲ್ಲ. ಆಮೇಲೂ ಕೇಳಂಗಿಲ್ಲ."

ಅದೇ ವರ್ಷ ಒಂದು ಸಲ ನಾನು ಕೂಗಿದೆ. ಅಪಾಯ ಏನೂ ಇರಲಿಲ್ಲ. ಬೇಜಾರಾಗಿತ್ತು, ಹೊಟ್ಟೆ ಹಸಿದಿತ್ತು, ಕೂಗಿದರೆ ಏನಾಗುತ್ತೆ ನೋಡೋಣ ಅನ್ನುವ ಚೇಷ್ಟೆ. ಇವರ ಗಾಳಕ್ಕೆ ಆಗತಾನೆ ದೊಡ್ಡ ಕಾಟ್ಲಾ ಬಿದ್ದಿತ್ತು. ಕೋಲು, ಮೀನು ಎಲ್ಲ ಅಲ್ಲೇ ಬಿಟ್ಟು ಬಂದು ನನ್ನ ಮುಂದೆ ನಿಂತರು. ಯಾಕೆ ಅಂತ ಕೇಳಲಿಲ್ಲ. ಮಾವನೂ ಕೇಳಲಿಲ್ಲ. ಸಂಜೆ ಇದ್ದಬದ್ದ ಎರಡು ಗೆಂಡೆ ಮೀನಿನಲ್ಲಿ ಒಂದನ್ನು ನನ್ನ ಪಾಲಿಗೆ ಇಟ್ಟರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ಮೀನು ನನಗೆ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಮೂವತ್ತು ವರ್ಷ ನಾನು ದಡದಲ್ಲಿ ಬಾಯಿ ತೆರೆಯಲಿಲ್ಲ, ತೆರೆಯುವ ಪ್ರಸಂಗವೂ ಬರಲಿಲ್ಲ.

ವಿಮಾನದ ಚಟ ಹತ್ತಿಸಿದ್ದು ಒಬ್ಬ ಎಸ್ಟೇಟ್ ಮಾಲೀಕ. ಪಲ್ಪರ್ ರಿಪೇರಿಗೆ ಬಂದವನು ಮೊಬೈಲಿನಲ್ಲಿ ಅಂಡಮಾನ್ ಮೀನು ತೋರಿಸಿದ. ಇವರು ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಕಾಫಿಗೆ ಒಳ್ಳೆ ರೇಟು ಬಂದಿತ್ತು, ಊರಿಗೆಲ್ಲ ಹೊಸ ಮೋಟರು, ನಮ್ಮ ಕೈಯಲ್ಲೂ ನಾಲ್ಕು ಕಾಸು ಆಡುತ್ತಿತ್ತು. ಹೋಗಿ ಬನ್ನಿ ಅಂದೆ. "ದಡದಾಗೆ ಕೂರೋರು ಇಲ್ದೆ ನಾನು ನೀರಿಗೆ ಇಳಿಯಲ್ಲ, ನೀನೂ ಬಾ" ಅಂದರು. ಹೀಗೆ ನಾನೂ ಸೀಟ್ ಬೆಲ್ಟ್ ಕಟ್ಟಿಕೊಂಡೆ.

ಅಲ್ಲೆಲ್ಲ ಹಿಡಿದ ಮೀನನ್ನು ತಿರುಗಿ ಬಿಡಬೇಕು. ಊರಲ್ಲಿ ಇದನ್ನು ಹೇಳಿದಾಗ ಪಕ್ಕದ ಮನೆ ಬಸಮ್ಮ ನಕ್ಕೂ ನಕ್ಕೂ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಹಿಡ್ದು ಬುಡಾಕೆ ಅಷ್ಟು ದೂರ ಹೋಯ್ತಾರಾ? ಬುಡಾದೇ ಆದ್ರೆ ಹಿಡಿಯಾದೇನಕ್ಕೆ ಮಾರಾಯ್ತಿ?" ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ನನ್ನ ಪಾಲು ಏನಾಗಬೇಕು ಅಂತ ನಾನೂ ಕೇಳಿದ್ದೆ. ಅದಕ್ಕೆ ಇವರೇ ಒಂದು ದಾರಿ ಹುಡುಕಿದರು. ಬಿಡುವ ಮೊದಲು ಮೀನನ್ನು ದಡದ ತನಕ ತಂದು, "ಮುಟ್ಟು, ನಿನ್ ಪಾಲು" ಅನ್ನುತ್ತಿದ್ದರು. ನಾನು ಮುಖ ಸಿಂಡರಿಸಿ ಅದರ ತಲೆಯನ್ನು ಬೆರಳಲ್ಲಿ ಸವರಿ, ಬೆರಳನ್ನು ಟವಲಿಗೆ ಒರೆಸುತ್ತಿದ್ದೆ. ನಿಜ ಹೇಳಬೇಕೆಂದರೆ ಅದಕ್ಕೋಸ್ಕರವೇ ನಾನು ಅಷ್ಟು ದೂರ ಹೋಗುತ್ತಿದ್ದೆ.

ಹೋದ ವರ್ಷ ಫೆಬ್ರವರಿಯಲ್ಲಿ ಅರುಣಾಚಲಕ್ಕೆ ಹೋದೆವು. ಬೆಂಗಳೂರಿನಿಂದ ಗುವಾಹಟಿ, ಅಲ್ಲಿಂದ ಇನ್ನೊಂದು ವಿಮಾನ, ಆಮೇಲೆ ಒಂದೂವರೆ ದಿನ ಜೀಪು. ಗುವಾಹಟಿ ಏರ್‌ಪೋರ್ಟಿನಲ್ಲಿ ಇವರು ಟಾಯ್ಲೆಟ್‌ಗೆ ಹೋದವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಹತ್ತು ಹೆಜ್ಜೆ ದೂರದಲ್ಲಿ ನಾನು ಕೂತಿದ್ದೇನೆ, ನನ್ನನ್ನು ನೋಡುತ್ತಲೂ ಇದ್ದಾರೆ, ಯಾವ ಕಡೆ ಬರಬೇಕು ಅಂತ ಗೊತ್ತಾಗುತ್ತಿಲ್ಲ. ನಾನೇ ಎದ್ದು ಹೋಗಿ ಬ್ಯಾಗಿನ ನೆಪದಲ್ಲಿ ಕೈ ಹಿಡಿದು ಕರೆತಂದೆ. ನಿದ್ದೆಗೆಟ್ಟಿದ್ದಾರೆ ಅಂದುಕೊಂಡೆ. ಅಂದುಕೊಂಡೆ ಅಂತ ಹೇಳುತ್ತೇನೆ, ಹಾಗೆ ಅಂದುಕೊಳ್ಳಲು ಕಷ್ಟಪಟ್ಟೆ ಅನ್ನುವುದೇ ಸರಿ.

ಅಲ್ಲಿ ನಮ್ಮನ್ನು ಹೊಳೆಗೆ ಕರೆದುಕೊಂಡು ಹೋಗುವವನ ಹೆಸರು ತಾಲೋಂ, ಮೂವತ್ತರ ಹುಡುಗ. ನನ್ನ ಹರಕು ಹಿಂದಿಗೆ ನಗದೆ ಉತ್ತರ ಕೊಡುತ್ತಿದ್ದ. ಪಕ್ಕದ ಟೆಂಟಿನಲ್ಲಿ ಬೆಂಗಳೂರಿನ ನಾಲ್ಕು ಜನ ಇದ್ದರು. ಮೊದಲ ದಿನವೇ ಇವರು ಒಂದು ದೊಡ್ಡ ಮಹಶೀರ್ ಹಿಡಿದದ್ದನ್ನು ನೋಡಿ ಆ ನಾಲ್ವರೂ "ಸರ್, ಸರ್" ಅಂತ ಹಿಂದೆಯೇ ತಿರುಗತೊಡಗಿದರು. ಬೆಳಗೋಡಿನಲ್ಲಿ ಗ್ರೀಸ್ ಮೆತ್ತಿದ ಕೈಯವರು, ಅಲ್ಲಿ ಸರ್. ನನಗೂ ಹೆಮ್ಮೆ ಆಯಿತು, ಇಲ್ಲ ಅನ್ನುವುದಿಲ್ಲ.

ಮೂರನೇ ದಿನ ಹೊಳೆಯ ನಡುವಿನ ಜಲ್ಲಿಕಲ್ಲಿನ ದಿಬ್ಬದ ಮೇಲೆ ನಿಂತು ಗಾಳ ಎಸೆಯುತ್ತಿದ್ದರು. ನಮ್ಮ ಕಡೆಯಿಂದ ದಿಬ್ಬಕ್ಕೆ ಮೊಣಕಾಲುದ್ದ ನೀರು. ಆಚೆ ಕಡೆ ಹೊಳೆಯ ಸೆಳವೆಲ್ಲ ಅಲ್ಲೇ. ಸಾಕಾಗಿರಬೇಕು, ದಾರ ಸುತ್ತಿಕೊಂಡು ವಾಪಸ್ ಹೊರಟರು. ನನ್ನನ್ನು ನೋಡಿದರು. ಆಚೆ ದಡ ನೋಡಿದರು. ಮತ್ತೆ ನನ್ನನ್ನು ನೋಡಿದರು. ಗುವಾಹಟಿಯ ಅದೇ ಮುಖ. ಆಮೇಲೆ ನಿಧಾನಕ್ಕೆ ಆಚೆ ಕಡೆ ಕಾಲಿಟ್ಟರು.

ಕ್ರೋಶಾ ಕಡ್ಡಿ ಕೈಯಿಂದ ಬಿತ್ತು. "ರೀ" ಅಂದೆ. ಆ ಹೊಳೆಯ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ. ಹೆಸರು ಕೂಗಬೇಕು, ಅದಕ್ಕೆಂದೇ ನಾನು ಕೂತಿರುವುದು. ನನ್ನ ಪಕ್ಕದಲ್ಲಿ ಆ ನಾಲ್ವರು ಬೆಳಿಗ್ಗೆ ತೆಗೆದ ಸರ್ ಅವರ ವಿಡಿಯೊವನ್ನು ಮೊಬೈಲಿನಲ್ಲಿ ತಲೆ ಬಗ್ಗಿಸಿ ನೋಡುತ್ತಿದ್ದರು. ಅವರ ಮುಂದೆ, ಸರ್ ಅಂತ ಅವರು ಕರೆಯುವ ಮನುಷ್ಯನನ್ನು, ದಾರಿ ತಪ್ಪಿದ ಮಗುವನ್ನು ಕೂಗುವ ಹಾಗೆ ಹೆಸರು ಹಿಡಿದು ಕೂಗಬೇಕು. ಬಾಯಿ ತೆರೆದೆ, ಮುಚ್ಚಿದೆ. ಮೂರು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ತಾಲೋಂ ನೀರಿಗೆ ಹಾರಿದ್ದ. ಎದೆಯುದ್ದ ನೀರಲ್ಲಿ ಇವರ ಜಾಕೆಟ್ ಹಿಡಿದು ಎಳೆದ. ಸೆಳವು ಅವನನ್ನು ಒಂದು ಬಂಡೆಗೆ ಬಡಿಯಿತು. ಇಬ್ಬರೂ ದಡಕ್ಕೆ ಬಂದಾಗ ಅವನ ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು.

ಕಂಬಳಿ ಹೊದ್ದು ನಡುಗುತ್ತಿದ್ದ ಇವರನ್ನು ಆ ಹುಡುಗರು ಏನಾಯ್ತು ಸರ್ ಅಂತ ಕೇಳಿದರು. ಇವರು ಬೆಂಕಿಗೆ ಕೈ ಚಾಚಿದರು. "ತಾಲೋಂ ಜಾರ್ಬುಟ್ಟ. ನಾನು ಹೋಗಿ ಹಿಡ್ಕಂಡೆ" ಅಂದರು. ಹುಡುಗರು ಚಪ್ಪಾಳೆ ತಟ್ಟಿದರು, ಒಬ್ಬ ಅದನ್ನೇ ಹಿಂದಿಯಲ್ಲಿ ತಾಲೋಂಗೂ ಹೇಳಿದ. ಅವರು ತಲೆ ಎತ್ತಿ ಮೊಬೈಲ್ ಹಿಡಿಯುವಷ್ಟರಲ್ಲಿ ಇಬ್ಬರೂ ನೀರಿನಲ್ಲಿದ್ದರು, ವಿಡಿಯೊದಲ್ಲಿ ನೊರೆ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ತಾಲೋಂ ಮುರಿದ ಕೈಯನ್ನು ಎದೆಗೆ ಒತ್ತಿ ಹಿಡಿದು ನನ್ನ ಮುಖ ನೋಡಿದ. ಅತಿಥಿಯ ಮಾನ ಅಂತಲೋ ಏನೋ, ಅವನು ಏನೂ ಹೇಳಲಿಲ್ಲ. ನಾನು ಕ್ರೋಶಾ ಎತ್ತಿಕೊಂಡು ಬಿಟ್ಟುಹೋದ ಹೆಣಿಗೆ ಹುಡುಕುತ್ತಾ ಕೂತೆ. ಸಿಗಲಿಲ್ಲ, ತೋರಣ ಅಲ್ಲಿಗೇ ನಿಂತಿತು.

ಹುಡುಗರ ಮೊಬೈಲಿನಿಂದ ಆ ಕಥೆ ನಮಗಿಂತ ಮೊದಲೇ ಊರಿಗೆ ಬಂದಿತ್ತು. ಅಂಗಡಿಗೆ ಬಂದವರೆಲ್ಲ ಕೇಳುವುದು, ಇವರು ಹೇಳುವುದು. ಹೇಳಿ ಮುಗಿಸಿ ನನ್ನ ಕಡೆ ತಿರುಗುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಗಿರಾಕಿ ಮಂಜುನಾಥನಿಗೆ ಹೂಂ ಅಂದೆ, ಎದುರಂಗಡಿ ಮಹಾದೇವಯ್ಯನಿಗೆ ಹೂಂ ಅಂದೆ, ಸ್ವಂತ ಮಗಳಿಗೂ ಹೂಂ ಅಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಆ ಅಡಿಕೆಯನ್ನು ನಾನು ಸೆರಗಲ್ಲಿ ಗಂಟು ಹಾಕಿಕೊಂಡು ಕಾಯುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಯಿತು. ಅಂಗಡಿಯಿಂದ ಹೋದ ಮೋಟರುಗಳು ಹೊಗೆಯಾಡುತ್ತಾ ವಾಪಸ್ ಬರತೊಡಗಿದವು. ತಂತಿ ಇಷ್ಟು ಸುತ್ತು ಅಂತ ಲೆಕ್ಕವಿಟ್ಟು ಸುತ್ತಬೇಕು, ಇವರಿಗೆ ನಡುವೆ ಲೆಕ್ಕ ತಪ್ಪುತ್ತಿತ್ತು. ತಾಮ್ರ ಸರಿಯಿಲ್ಲ ಅಂತ ಗಿರಾಕಿಗಳಿಗೆ ಹೇಳಿದೆವು. ನಾನು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗಿ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂರತೊಡಗಿದೆ. ಅವರು ಸುತ್ತುವುದು, ನಾನು ಎಣಿಸುವುದು. ನಲವತ್ತೊಂದು, ನಲವತ್ತೆರಡು. ಯಾರಾದರೂ ಒಳಗೆ ಬಂದರೆ ಇಬ್ಬರೂ ಸುಮ್ಮನಾಗುತ್ತಿದ್ದೆವು. ಮನೇಲಿ ಬೇಜಾರು ಕಣ್ರೀ ಅಂತ ನಗುತ್ತಿದ್ದೆ. ಡಾಕ್ಟರ ಹತ್ತಿರ ಹೋಗೋಣ ಅನ್ನುವ ಮಾತು ನಾಲಿಗೆ ತುದಿಗೆ ಬಂದು ಎಷ್ಟೋ ಸಲ ವಾಪಸ್ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಷ್ಟರಲ್ಲಿ ವಸೀಂ ಬಂದ. ಸಕಲೇಶಪುರದವನು, ತನ್ನ ಅಪ್ಪ ಅಬ್ಬಾಸ್ ಸಾಹೇಬರ ಲಾರಿಗಳಲ್ಲಿ ಕಾಫಿ ಮೂಟೆ ಸಾಗಿಸುವ ವ್ಯವಹಾರ ನೋಡಿಕೊಳ್ಳುತ್ತಾನೆ. ಹೊಳೆಯಿಂದ ಮನುಷ್ಯನನ್ನು ಎತ್ತಿದ ಕಥೆ ಕೇಳಿ ಇವರ ಶಿಷ್ಯನಾದ. ಒಂದು ದಿನ ನಮ್ಮ ಅಂಗಡಿಯಲ್ಲೇ ಕೂತು ಮೊಬೈಲಿನಲ್ಲಿ ನಾಲ್ಕು ಟಿಕೆಟ್ ಬುಕ್ ಮಾಡಿಬಿಟ್ಟ. ಅದೇ ಅರುಣಾಚಲ, ಅದೇ ಹೊಳೆ, ಫೆಬ್ರವರಿ ಇಪ್ಪತ್ತನೇ ತಾರೀಕು. ನಾವಿಬ್ಬರು, ಅವನು, ಅವನ ಹೆಂಡತಿ ಶಬ್ನಮ್.

"ಸುರೇಂದ್ರಣ್ಣ ಇದ್ರೆ ನಂಗೇನ್ ಭಯ" ಅಂದ. ಇವರು ನಕ್ಕರು. ನಾನು ಎಣಿಕೆ ಮರೆತೆ.

ಜನವರಿಯಲ್ಲಿ ಶಬ್ನಮ್ ನಮ್ಮ ಮನೆಗೆ ಬಂದಳು, ಕೈಯಲ್ಲಿ ಹೊಸ ದಾರದ ಉಂಡೆ ಇತ್ತು. ಮದುವೆಯಾಗಿ ಒಂದೂವರೆ ವರ್ಷವಾಗಿದೆ ಅಷ್ಟೆ.

"ಆಂಟಿ, ನಂಗೂ ಮೀನಿಗೂ ಆಗಿಬರಲ್ಲ. ಅಷ್ಟು ದಿನ ದಡದಲ್ಲಿ ಕೂತು ಏನ್ ಮಾಡ್ಲಿ? ನೀವು ಕ್ರೋಶಾ ಹಾಕ್ತೀರಂತಲ್ಲ, ಕಲಿಸಿಕೊಡಿ."

ಮೊದಲ ಸರಪಳಿ ಹೆಣಿಗೆ ತೋರಿಸಿದೆ. ಬೆರಳು ಚುರುಕಾಗಿತ್ತು, ಬೇಗ ಹಿಡಿದುಕೊಂಡಳು. ತಲೆ ಬಗ್ಗಿಸಿ ಹೆಣೆಯುತ್ತಲೇ ಹೇಳಿದಳು, "ಇವ್ರಿಗೆ ಈಜು ಬರಲ್ಲ ಆಂಟಿ. ನಮ್ಮತ್ತೆ ಬೇಡ್ವೇ ಬೇಡ ಅಂತಿದ್ರು. ಅಂಕಲ್ ಜೊತೇಲಿರ್ತಾರೆ, ಹೊಳೇಲಿ ಹೋಗ್ತಿದ್ದೋನ್ನ ಎತ್ತಿಕೊಂಡು ಬಂದಿದ್ದಾರೆ, ಆಂಟಿನೇ ಕಣ್ಣಾರೆ ನೋಡಿದ್ದಾರೆ ಅಂತ ಹೇಳಿ ನಾನೇ ಒಪ್ಪಿಸ್ದೆ. ನೋಡಿದ್ದೀರಲ್ವಾ?"

ಆಗ ಹೇಳಬಹುದಿತ್ತು. ಮನೆಯಲ್ಲಿ ಇನ್ನಾರೂ ಇರಲಿಲ್ಲ, ಒಲೆಯ ಮೇಲೆ ಹಾಲಿಟ್ಟಿದ್ದೆ, ಉಕ್ಕುವುದಕ್ಕೆ ಇನ್ನೂ ಹೊತ್ತಿತ್ತು. "ದಾರ ಬಿಗಿ ಹಿಡ್ಕೋ" ಅಂದೆ, ಎದ್ದು ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತು ನನ್ನನ್ನು ನಾನೇ ಬಯ್ದುಕೊಂಡೆ. ಹೊಟ್ಟೆಗೆ ಅನ್ನ ತಿನ್ನುವವಳು ಮಾಡುವ ಕೆಲಸವಲ್ಲ ಅದು.

ಹೊರಡುವುದಕ್ಕೆ ಹತ್ತು ದಿನ ಇರುವಾಗ ಒಂದು ಭಾನುವಾರ ಬೆಳಿಗ್ಗೆ ಮಗ್ಗೆಗೆ ಹೋದೆವು, ನಾಲ್ವರೂ, ವಸೀಂನ ಕಾರಿನಲ್ಲಿ. ನೀರಿನಲ್ಲಿ ನಿಂತು ಗಾಳ ಎಸೆಯುವುದನ್ನು ವಸೀಂಗೆ ಕಲಿಸುವುದು ಅಂತ ಇವರ ಯೋಜನೆ. ಕಾರು ರಸ್ತೆಯಲ್ಲಿ ಬಿಟ್ಟು ಗದ್ದೆ ಬದುವಿನ ಮೇಲೆ ನಡೆದೆವು. ಹಿನ್ನೀರು ತುಂಬಿಕೊಂಡಿತ್ತು. ಮಾವ ತೋರಿಸಿದ ಒಣಮರ ಇನ್ನೂ ಅಲ್ಲೇ ಇತ್ತು, ಅರ್ಧ ಮುರಿದಿತ್ತು, ತುದಿಯಲ್ಲಿ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿತ್ತು.

ನಾನೂ ಶಬ್ನಮ್ಮೂ ದಡದಲ್ಲಿ ಚಾಪೆ ಹಾಸಿಕೊಂಡೆವು. ಅವಳು ಹೆಣಿಗೆ ತೆಗೆದಳು. ನಾನು ಅವತ್ತು ಕ್ರೋಶಾ ತಂದಿರಲಿಲ್ಲ.

ಇವರು ಮುಂದೆ, ವಸೀಂ ಹಿಂದೆ ನೀರಿಗಿಳಿದರು. ಮೊದಲ ಅರ್ಧಗಂಟೆ ಚೆನ್ನಾಗಿಯೇ ನಡೆಯಿತು. ಮರದ ಬಲಕ್ಕೆ ನಿಂತು ಎಸೆಯುವುದು ಹೇಗೆ, ದಾರ ಸಡಿಲ ಬಿಡುವುದು ಹೇಗೆ ಅಂತ ತೋರಿಸಿದರು. ವಸೀಂಗೆ ಅಂಗೈಯಗಲದ ಒಂದು ಗೆಂಡೆ ಸಿಕ್ಕಿತು. ಅವನು ಅದನ್ನು ಎತ್ತಿ ಹಿಡಿದು ಹೆಂಡತಿಗೆ ತೋರಿಸಿದ. ಶಬ್ನಮ್ ನಕ್ಕಳು. ಮೀನನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ವಸೀಂ ಕೇಳಿದ, "ಇನ್ನೂ ದೊಡ್ಡದು ಎಲ್ಲಿರ್ತದಣ್ಣ?"

ಇವರು ಸುತ್ತ ನೋಡಿದರು. ಒಣಮರ ನೋಡಿದರು. ಆರು ವರ್ಷದ ಹುಡುಗನಾಗಿದ್ದಾಗಿನಿಂದ ನೋಡಿದ ಮರ. ಆಮೇಲೆ ದಡದ ಮೇಲಿದ್ದ ನನ್ನನ್ನು ನೋಡಿದರು. ಆ ಮುಖ ನನಗೆ ಗೊತ್ತಿತ್ತು.

"ಬಾ, ಈ ಕಡೆ ಹೋಗಾನ" ಅಂದರು. ವಸೀಂನ ತೋಳು ಹಿಡಿದು ಮರದ ಎಡಕ್ಕೆ ಹೊರಟರು.

ನಾನು ಎದ್ದು ನಿಂತೆ. ಶಬ್ನಮ್ "ಏನಾಂಟಿ?" ಅಂದಳು. ಬಾವಿಗೆ ಹತ್ತು ಹನ್ನೆರಡು ಹೆಜ್ಜೆ ಇರಬಹುದು. ಈಜು ಬರದ ಹುಡುಗ ಕಣ್ಣು ಮುಚ್ಚಿಕೊಂಡು ಹಿಂದೆ ಹೋಗುತ್ತಿದ್ದಾನೆ, ನನ್ನ ಹೂಂಗಳನ್ನು ನಂಬಿಕೊಂಡು.

"ಸುರೇಂದ್ರಾ" ಅಂತ ಕೂಗಿದೆ.

ಆ ಹೆಸರು ನನ್ನ ಬಾಯಲ್ಲಿ ಅಷ್ಟು ದೊಡ್ಡದಾಗಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನೀರುಕಾಗೆ ಎದ್ದು ಹಾರಿತು. ಇವರು ಇಟ್ಟ ಹೆಜ್ಜೆ ಇಟ್ಟಲ್ಲೇ ನಿಂತರು. ವಸೀಂನನ್ನು ತಮ್ಮ ಕಡೆ ಎಳೆದುಕೊಂಡರು, ತಿರುಗಿದರು, ನನ್ನ ಮುಖದ ಮೇಲೇ ಕಣ್ಣಿಟ್ಟು ನೇರವಾಗಿ ದಡಕ್ಕೆ ಬಂದರು. ಗಾಳದ ಕೋಲು ನೀರಲ್ಲಿ ತೇಲಿಹೋಯಿತು, ಅದನ್ನು ತಿರುಗಿಯೂ ನೋಡಲಿಲ್ಲ.

"ಏನಾಯ್ತಕ್ಕ? ಯಾಕ್ ಕೂಗಿದ್ರಿ?" ವಸೀಂ ಏದುಸಿರು ಬಿಡುತ್ತಾ ಕೇಳಿದ.

"ಕೇಳಂಗಿಲ್ಲ" ಅಂದರು ಇವರು. ಒದ್ದೆ ಬಟ್ಟೆಯಲ್ಲೇ ಚಾಪೆಯ ಮೇಲೆ ಕುಳಿತರು.

ಕೇಳಬಾರದು ಅಂದರೂ ನಾನು ಹೇಳಲೇಬೇಕಿತ್ತು. "ಅಲ್ಲಿ ಕಲ್ಲುಬಾವಿ ಐತೆ ಕಣಪ್ಪ, ಇವ್ರ ದೊಡ್ಡಪ್ಪ ಹೋಗಿದ್ದು ಅಲ್ಲೇ" ಅಂದೆ. ಆಮೇಲೆ ಶಬ್ನಮ್ ಕಡೆ ತಿರುಗಿ, ಅವಳ ಮುಖ ನೋಡಿಕೊಂಡೇ ಉಳಿದದ್ದನ್ನೂ ಹೇಳಿದೆ. ಗುವಾಹಟಿ, ದಿಬ್ಬ, ನನ್ನ ಮೂರು ಉಸಿರು, ತಾಲೋಂನ ಕೈ. ಯಾರು ಯಾರನ್ನು ಎತ್ತಿದ್ದು ಅಂತ. ಮೋಟರಿನ ಸುತ್ತು ಎಣಿಸುತ್ತಿದ್ದದ್ದನ್ನೂ ಬಿಡಲಿಲ್ಲ. ಹೇಳುವಾಗ ಅಳು ಬಂತು, ತಡೆಯಲಿಲ್ಲ. ಶಬ್ನಮ್ ಎದ್ದು ಹೋಗಿ ವಸೀಂನ ಪಕ್ಕ ಕುಳಿತು ಅವನ ಒದ್ದೆ ಕೈ ಹಿಡಿದುಕೊಂಡಳು. ನನ್ನನ್ನು ನೋಡಲಿಲ್ಲ. ಅವಳ ತಪ್ಪೇನೂ ಇಲ್ಲ.

ಇವರು ಒದ್ದೆ ಅಂಗಿಯ ಅಂಚು ಹಿಂಡಿದರು.

"ತಾಲೋಂ ಕೈ ಮುರ್ದಿದ್ದು ನನ್ನಿಂದ್ಲೇ ಅಲ್ವಾ" ಅಂದರು.

"ಹೂಂ" ಅಂದೆ.

"ಅವತ್ತು ನಾಚ್ಕೆ ಆಗಿ ಹಂಗಂದೆ. ಆಮೇಲೆ ಹೇಳ್ತಾ ಹೇಳ್ತಾ ಯಾವ್ದು ನಿಜ ಅಂತ್ಲೇ ತಿಳೀದಂಗಾತು ಕಣೆ. ಪ್ರತಿ ಸಲನೂ ನಿನ್ ಮುಖ ನೋಡ್ತಿದ್ದೆ. ನೀನು ಹೂಂ ಅಂತಿದ್ದೆ. ದಡದಾಗಿದ್ದೋಳು ಹೂಂ ಅಂತಾಳೆ ಅಂದ್ರೆ ನಿಜ ಇರ್ಬೋದು ಅಂದ್ಕಂಡೆ."

ಒಂದು ವರ್ಷ ನಾನು ಕಾಪಾಡಿಕೊಂಡು ಬಂದದ್ದು ಅವರ ಮಾನ ಅಂದುಕೊಂಡಿದ್ದೆ. ಅವರಿಗೆ ಕಾಲಿಡಲು ಇದ್ದ ಒಂದೇ ಗಟ್ಟಿ ನೆಲವನ್ನು ನಾನೇ ತೆಗೆದುಬಿಟ್ಟಿದ್ದೆ.

"ಏನೋ ಆಗ್ತಾ ಐತೆ ಅಂತ ನಂಗೂ ಗೊತ್ತಿತ್ತು" ಅಂದರು. "ನೀನು ಕೂಗ್ತೀಯ ಅಂತ ಕಾಯ್ತಿದ್ದೆ. ಅಂಗಡಿಯಾಗೆ ಎಣಿಸ್ತಿದ್ದಲ್ಲ, ಇವತ್ತು ಕೂಗ್ತಾಳೆ, ನಾಳೆ ಕೂಗ್ತಾಳೆ ಅಂತ."

"ತಪ್ಪಾತು" ಅಂದೆ.

ವಸೀಂ ನೆಲ ನೋಡುತ್ತಾ ಕೇಳಿದ, "ಟಿಕೆಟ್ ಕ್ಯಾನ್ಸಲ್ ಮಾಡ್ಲಾ ಅಣ್ಣ?"

"ನಿಂದು ಮಾಡಪ್ಪ. ನಂದು ಇರ್ಲಿ. ಗಾಳ ತಗಂಡೋಗಲ್ಲ. ತಾಲೋಂ ಮುಂದೆ ಕೂತು ಅವನ ಕೈ ನೋಡ್ಬೇಕು ನಾನು. ಇವ್ಳು ಬಂದ್ರೆ ಹೋಗ್ತೀನಿ. ಮೊದ್ಲು ಶೃತಿಗೆ ಫೋನ್ ಮಾಡಿ ಹಾಸನದಾಗೆ ಡಾಕ್ಟ್ರನ್ನ ನೋಡಾನ."

ವಸೀಂ ಸೊಂಟದ ಚೀಲದಿಂದ ಗೆಂಡೆ ತೆಗೆದು ಇವರ ಮುಂದಿಟ್ಟ. ಇದ್ದದ್ದು ಅದೊಂದೇ. ಇವರು ಅದನ್ನು ಎಲೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದರು. "ಪೂರ್ತಿ ನಿಂದೇ" ಅಂದರು. ನಾನು ಅದನ್ನು ಶಬ್ನಮ್ ಕೈಗೆ ಕೊಟ್ಟೆ. ಅವಳು ಮುಖ ತಿರುಗಿಸಿಕೊಂಡೇ ಇದ್ದಳು, ಆದರೆ ತೆಗೆದುಕೊಂಡಳು.

ಹೊರಡುವಾಗ ವಸೀಂ ಮತ್ತು ಶಬ್ನಮ್ ಬೇಗ ಬೇಗ ಮುಂದೆ ನಡೆದು ಮರೆಯಾದರು. ಇವರು ಚಾಪೆ ಮಡಿಸಿ ಬಗಲಲ್ಲಿಟ್ಟುಕೊಂಡು ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದರು. ನಡೆಯುತ್ತಲೇ, ಹಿಂದೆ ನೋಡದೆ, ಹೇಳಿದರು.

"ಇನ್ಮೇಲೆ ಹೆಸರು ಹಿಡ್ದೇ ಕರಿ ಕಣೆ. ಮನೆಯಾಗೂ. ನಂಗೇ ಮರ್ತೋದ್ರೆ ನಿಂಗಾದ್ರೂ ಬಾಯಿಗೆ ರೂಢಿ ಇರ್ಲಿ."

ಮುಂದೆ ಬದು ಎರಡಾಗಿ ಒಡೆಯುವ ಜಾಗ ಬಂತು. ಬಲಕ್ಕೆ ಹೋದರೆ ರಸ್ತೆ, ಎಡಕ್ಕೆ ಹೋದರೆ ಮತ್ತೆ ನೀರು. ಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದ ಅವರು ಓಡಾಡಿದ ಬದು ಅದು. ಅಲ್ಲಿ ನಿಂತರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ತಿರುಗಿ ನನ್ನನ್ನು ನೋಡಲಿಲ್ಲ, ಸುಮ್ಮನೆ ನಿಂತಿದ್ದರು, ಕಾಯುತ್ತಿದ್ದರು. ಈ ಸಲ ನಾನು ಒಂದು ಉಸಿರೂ ತಡಮಾಡಲಿಲ್ಲ.

"ಸುರೇಂದ್ರ, ಬಲಕ್ಕೆ ಹೋಗಿ" ಅಂದೆ.

ಯಾಕೆ ಅಂತ ಕೇಳದೆ ಬಲಕ್ಕೆ ತಿರುಗಿದರು.